ಕೊಳಲು ಪಾಠ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಊದುವ ವಾದ್ಯ ಕಲಿಯುವವರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲಿಂದಲೂ ಪತ್ರ ಬಂದಿವೆ. ನಾನು ಶಿರಸಿಯಲ್ಲಿ ಮನೆಯಲ್ಲೇ ಬಾನ್ಸುರಿ (ಹಿಂದೂಸ್ತಾನಿ ಬಿದಿರು ಕೊಳಲು) ಹೇಳಿಕೊಡುತ್ತೇನೆ. ವಾರದ ಕೊನೆಗೆ ಘಟ್ಟ ಇಳಿದು ಕಾರವಾರದಲ್ಲಿ ಕ್ಲಾರಿನೆಟ್, ಸ್ಯಾಕ್ಸೊಫೋನ್ ಪಾಠ ಮಾಡುತ್ತೇನೆ. ಹಾಗಾಗಿ ಇಲ್ಲಿ ಬರೆದಿರುವುದು ಹೆಚ್ಚಿನದು ಪಾಠದ ಚಾಪೆಯ ಮೇಲೆ ಕಂಡದ್ದೇ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಎಂಟು ವರ್ಷ. ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಕೊಳಲು ಕೊಡಿಸಿದ್ದೆವು. ದಿನಾ ಊದುತ್ತಾನೆ, ಬರೀ ಗಾಳಿ ಸದ್ದು ಬರುತ್ತದೆ. ಈಗಲೇ ಪಾಠಕ್ಕೆ ಹಾಕಬಹುದಾ, ಇನ್ನೂ ಸ್ವಲ್ಪ ದೊಡ್ಡವನಾಗಲಿ ಅಂತ ಕಾಯಬೇಕಾ?
— ಒಬ್ಬ ತಾಯಿ, ಕುಮಟಾ

ಉತ್ತರ: ಕಾಯಬೇಡಿ. ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿದ್ದರೆ ಎಂಟು ವರ್ಷ ಒಳ್ಳೆಯ ವಯಸ್ಸು. ಎದುರಿನ ಹಲ್ಲು ಇಲ್ಲದಿರುವಾಗ ಮಾತ್ರ ತುಟಿಗೆ ಹಿಂದಿನಿಂದ ಆಸರೆ ಸಿಗುವುದಿಲ್ಲ, ಗಾಳಿ ಚದುರುತ್ತದೆ. ಆಗ ಕೆಲವು ತಿಂಗಳು ಹಾಡಿಸಿ, ತಾಳ ಹಾಕಿಸಿ. ಅದೂ ಪಾಠವೇ.

ಆದರೆ ಆ ಜಾತ್ರೆ ಕೊಳಲನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು, ಊದಲು ಬರುವವರಿಂದ ಸ ರಿ ಗ ಮ ಊದಿಸಿ ನೋಡಿ. ಕೆಲವು ಚೆನ್ನಾಗಿಯೇ ಇರುತ್ತವೆ. ಜಾಸ್ತಿಯವು ನೋಡಲು ಚೆಂದ, ಶ್ರುತಿಗೆ ಮಾತ್ರ ಸೇರುವುದಿಲ್ಲ. ಮಗು ದಿನಾ ಯಾವ ಗಾಂಧಾರ (ಗ) ಕೇಳುತ್ತದೋ ಅದೇ ಸರಿ ಅಂದುಕೊಳ್ಳುತ್ತದೆ. ಹಾಗೆ ಕೂತುಬಿಟ್ಟ ಕಿವಿಯನ್ನು ಆಮೇಲೆ ತಿದ್ದುವುದು ಬಹಳ ಕಷ್ಟ. ಹೀಗಾಗಿ ಮೊದಲ ಕೊಳಲಿಗೆ ಸ್ವಲ್ಪ ದುಡ್ಡು ಜಾಸ್ತಿ ಹೋದರೂ ಶ್ರುತಿ ನೋಡಿ ಮಾಡಿದ್ದನ್ನೇ ತಗೊಳ್ಳಿ ಅಂತ ನಾನು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ.

ಇನ್ನು ಅಳತೆ. ಕಛೇರಿಯಲ್ಲಿ ದೊಡ್ಡವರು ನುಡಿಸುವ ಬಿಳಿ ಮೂರು (ಹಾರ್ಮೋನಿಯಂನ ಮೂರನೇ ಬಿಳಿ ಮನೆ) ಶ್ರುತಿಯ ಬಾನ್ಸುರಿ ಸುಮಾರು 30 ಇಂಚು ಉದ್ದ ಇರುತ್ತದೆ. ಎಂಟು ವರ್ಷದ ಕೈಗೆ ಅದರ ಕೊನೆಯ ತೂತು ಸಿಗುವುದೇ ಇಲ್ಲ. ಮಗು ಬೆರಳು ಚಾಚಿ ಚಾಚಿ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಅಂಗಡಿಯಲ್ಲಿ ‘ಸಿ ಮೀಡಿಯಂ’ ಎಂದು ಕೇಳಿ. ಬಿಳಿ ಒಂದರ ಕೊಳಲು ಅದು, ಸುಮಾರು 19 ಇಂಚು. ಬೆರಳು ಸಲೀಸಾಗಿ ಕೂರುತ್ತವೆ. ಕೈ ಬೆಳೆದ ಹಾಗೆ ಕೊಳಲು ಬದಲಿಸಿದರಾಯಿತು.

ಗಾಳಿ ಸದ್ದಿಗೆ ಬರುತ್ತೇನೆ. ಕೊಳಲಿನ ಒಳಗೆ ಗಾಳಿ ತುಂಬಿದರೆ ಸ್ವರ ಬರುವುದಿಲ್ಲ. ಊದುವ ತೂತಿನ ಆಚೆ ಅಂಚಿಗೆ ಗಾಳಿಯ ತೆಳು ಪಟ್ಟಿ ಬಡಿಯಬೇಕು. ಅಲ್ಲಿ ಅದು ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಓಲಾಡಬೇಕು. ಸ್ವರ ಹುಟ್ಟುವುದು ಆ ಅಂಚಿನಲ್ಲಿ. ಮಗುವಿಗೆ ಇದನ್ನು ಬಾಯಲ್ಲಿ ವಿವರಿಸಿದರೆ ತಲೆಗೆ ಹೋಗುವುದಿಲ್ಲ. ಒಂದು ಖಾಲಿ ಬಾಟಲಿ ಕೊಡಿ. ಬಾಟಲಿಯ ಬಾಯಿಯನ್ನು ಕೆಳತುಟಿಗೆ ತಾಗಿಸಿ ಅಡ್ಡಕ್ಕೆ ಊದಲಿ. ‘ಬೂಂ’ ಅಂತ ಸದ್ದು ಬಂತಾ? ಹಾಗಾದರೆ ತುಟಿ ಸರಿ ಇದೆ. ಅದೇ ತುಟಿಯಲ್ಲಿ, ಒಂದು ಬೆರಳೂ ಮುಚ್ಚದೆ, ಕೊಳಲು ಊದಲಿ. ಸದ್ದು ಬರದಿದ್ದರೆ ಕೊಳಲನ್ನು ನಿಧಾನಕ್ಕೆ ಒಳಗೆ, ಹೊರಗೆ ಉರುಳಿಸುತ್ತಾ ಹೋಗಲಿ. ಎಲ್ಲೋ ಒಂದು ಕಡೆ ಸ್ವರ ಸಿಕ್ಕೇ ಸಿಗುತ್ತದೆ. ಸಿಕ್ಕಿದ ಮೇಲೆ ಮೇಲಿನ ಮೂರು ತೂತು ಮುಚ್ಚಿಸಿ. ಅದು ಬಾನ್ಸುರಿಯ ಸಾ. ಒಂದೆರಡು ವಾರ ಆ ಸಾ ಒಂದೇ ಸಾಕು. ದಿನಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ.

ಇನ್ನೂ ಚಿಕ್ಕ ಮಕ್ಕಳಿದ್ದರೆ ಪ್ಲಾಸ್ಟಿಕ್ ರೆಕಾರ್ಡರ್ ಒಳ್ಳೆಯದು. ತುಟಿ ಹೊಂದಿಸುವ ಕಷ್ಟ ಇಲ್ಲ. ಸುಮ್ನೆ ಊದಿದರೆ ಸ್ವರ ಬರುತ್ತದೆ. ಮಗು ನೇರವಾಗಿ ಬೆರಳಿಗೂ ತಾಳಕ್ಕೂ ಗಮನ ಕೊಡಬಹುದು. ಒಳ್ಳೆಯ ಕಂಪನಿಯದೂ ಸಾವಿರ ರೂಪಾಯಿಯೊಳಗೆ ಸಿಗುತ್ತದೆ.

ಪ್ರಶ್ನೆ: ನನಗೀಗ ಅರವತ್ನಾಲ್ಕು. ತೋಟದ ಕೆಲಸ ಮಗನಿಗೆ ಬಿಟ್ಟಿದ್ದೇನೆ. ಚಿಕ್ಕಂದಿನಿಂದ ಕೊಳಲಿನ ಆಸೆ. ಮೇಲಿನ ಹಲ್ಲು ಕಟ್ಟಿಸಿದ್ದು, ಬಿ.ಪಿ. ಮಾತ್ರೆ ತಗೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಕಲಿಯಲು ಹೋದರೆ ಹುಡುಗರು ನಗುವುದಿಲ್ಲವೇ?
— ಹೆಸರು ಬೇಡ, ಯಲ್ಲಾಪುರ ತಾಲೂಕು

ಉತ್ತರ: ಯಾರೂ ನಗುವುದಿಲ್ಲ, ದಯವಿಟ್ಟು ಬನ್ನಿ. ನಮ್ಮಲ್ಲಿ ಸಂಜೆ ಪಾಠಕ್ಕೆ ಬರುವ ದೊಡ್ಡವರೇ ಹೆಚ್ಚು ಶ್ರದ್ಧೆಯವರು. ಹೇಳಿದ ಸಾ ಹಿಡಿದುಕೊಂಡು ಹೋಗುತ್ತಾರೆ, ಮುಂದಿನ ವಾರ ಅದನ್ನು ತಂದು ತೋರಿಸುತ್ತಾರೆ. ಮಕ್ಕಳ ಬೆರಳು ಬೇಗ ಓಡುತ್ತದೆ ನಿಜ. ಆದರೆ ಒಂದು ಸ್ವರದ ಮೇಲೆ ನಿಲ್ಲುವ ತಾಳ್ಮೆ ದೊಡ್ಡವರಿಗೆ ಜಾಸ್ತಿ. ಬಾನ್ಸುರಿಗೆ ಮೊದಲು ಬೇಕಾಗುವುದು ಆ ತಾಳ್ಮೆಯೇ.

ಹಲ್ಲಿನ ಚಿಂತೆ ಬೇಡ. ಕ್ಲಾರಿನೆಟ್, ಸ್ಯಾಕ್ಸೊಫೋನಿನಲ್ಲಿ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರುತ್ತದೆ. ಅಲ್ಲಿ ಕಟ್ಟಿಸಿದ ಹಲ್ಲು ಅಲುಗಾಡಿದರೆ ತೊಂದರೆ. ಕೊಳಲಿನಲ್ಲಿ ಕಚ್ಚುವ ಮಾತೇ ಇಲ್ಲ. ಹಲ್ಲಿನ ಸೆಟ್ ಹಾಕಿಕೊಂಡೇ ಅಭ್ಯಾಸ ಮಾಡಿ, ಒಮ್ಮೆ ಹಾಕಿ ಒಮ್ಮೆ ತೆಗೆದು ಮಾಡಬೇಡಿ. ತುಟಿಯ ಆಕಾರ ಬದಲಾದರೆ ಸ್ವರ ಹುಡುಕುವ ಕೆಲಸ ಮತ್ತೆ ಮೊದಲಿಂದ.

ಬಿ.ಪಿ. ಇರುವುದರಿಂದ ಶುರು ಮಾಡುವ ಮೊದಲು ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ. ಹರ್ನಿಯಾ ಅಥವಾ ಕಣ್ಣಿನ ಆಪರೇಷನ್ ಇತ್ತೀಚೆಗೆ ಆಗಿದ್ದರೆ ಅದನ್ನೂ ತಿಳಿಸಿ. ಹೊಸಬರಿಗೆ ತಲೆ ತಿರುಗುವುದು ಸಾಮಾನ್ಯ, ಯಾವ ವಯಸ್ಸಿನವರಿಗೂ ಆಗುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಬಿಡುವುದರಿಂದ ಹಾಗಾಗುತ್ತದೆ. ಕೂತೇ ಅಭ್ಯಾಸ ಮಾಡಿ. ತಲೆ ಹಗುರ ಅನಿಸಿದ ಕೂಡಲೇ ಕೊಳಲು ಕೆಳಗಿಟ್ಟು ಮಾಮೂಲಾಗಿ ಉಸಿರಾಡಿ. ತುಟಿಯ ಸಂದು ಕಿರಿದಾದ ಹಾಗೆ ಗಾಳಿ ಪೋಲಾಗುವುದು ನಿಲ್ಲುತ್ತದೆ, ತಲೆ ತಿರುಗುವುದೂ ನಿಲ್ಲುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಅಡಿಕೆ ಸುಲಿದು, ಕತ್ತಿ ಹಿಡಿದು ಬೆರಳ ತುದಿ ಗಡುಸಾಗಿರುವವರು ನನ್ನ ಬಳಿ ಹಲವರು ಬರುತ್ತಾರೆ. ಅವರ ಮೊದಲ ದೂರು ಒಂದೇ: ತೂತು ಮುಚ್ಚಿದೆಯೋ ಇಲ್ಲವೋ ಬೆರಳಿಗೆ ಗೊತ್ತೇ ಆಗುವುದಿಲ್ಲ. ಬೆರಳ ತುದಿಯಿಂದ ಮುಚ್ಚಲು ಹೋಗಬೇಡಿ. ಬಾನ್ಸುರಿಯಲ್ಲಿ ಬೆರಳು ಚಪ್ಪಟೆಯಾಗಿ ಮಲಗಬೇಕು. ತುದಿಯಿಂದ ಸ್ವಲ್ಪ ಹಿಂದಿರುವ ಮೆತ್ತನೆ ಮಾಂಸ ತೂತಿನ ಮೇಲೆ ಬರಬೇಕು. ಅಲ್ಲಿ ಗಡುಸು ಕಡಿಮೆ. ಗಟ್ಟಿಯಾಗಿ ಒತ್ತುವುದೂ ಬೇಡ. ಅಭ್ಯಾಸ ಮುಗಿದ ಮೇಲೆ ಬೆರಳು ನೋಡಿಕೊಳ್ಳಿ. ತೂತಿನ ಗುರುತು ಪೂರ್ತಿ ಉಂಗುರದ ಹಾಗೆ ಮೂಡಿದ್ದರೆ ಸರಿಯಾಗಿ ಮುಚ್ಚಿದ್ದೀರಿ. ಒಂದು ಬದಿಯಲ್ಲಿ ಅರ್ಧಚಂದ್ರ ಮಾತ್ರ ಇದ್ದರೆ ಇನ್ನೊಂದು ಬದಿಯಿಂದ ಗಾಳಿ ಸೋರುತ್ತಿದೆ. ಉಂಗುರದ ಬೆರಳು ಹೆಚ್ಚಾಗಿ ಮೋಸ ಮಾಡುವುದು, ಅದನ್ನೇ ಮೊದಲು ನೋಡಿ.

ಪ್ರಶ್ನೆ: ಅಕ್ಕಾ, ನಾನು ಡಿಗ್ರಿ ಓದ್ತಾ ಇದ್ದೇನೆ. ಅಜ್ಜ ಮದುವೆ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಕ್ಲಾರಿನೆಟ್ ಮನೆಯಲ್ಲಿದೆ. ನೆಟ್ ನೋಡಿ ಬೆರಳು ಇಟ್ಟರೆ ಸ್ವರ ಸರಿ ಬರುವುದಿಲ್ಲ, ಕೀರಲು ಸದ್ದು ಬರುತ್ತದೆ. ಗೆಳೆಯನ ಕೀಬೋರ್ಡಿಗೂ ಹೊಂದುವುದಿಲ್ಲ. ವಾದ್ಯ ಹಾಳಾಗಿದೆಯಾ?
— ಒಬ್ಬ ವಿದ್ಯಾರ್ಥಿ, ಕಾರವಾರ

ಉತ್ತರ: ತಮ್ಮಾ, ಅಜ್ಜನ ವಾದ್ಯವನ್ನು ಗುಜರಿಗೆ ಹಾಕುವ ಮೊದಲು ಮೂರು ವಿಷಯ ನೋಡು.

ಮೊದಲನೆಯದು ಕೀಗಳು. ನೆಟ್‌ನಲ್ಲಿ ಸಿಗುವ ಬೆರಳಿನ ಚಿತ್ರಗಳು ಹೆಚ್ಚಾಗಿ ‘ಬೋಮ್’ ಪದ್ಧತಿಯ ಕ್ಲಾರಿನೆಟ್ಟಿನವು. ಅದರಲ್ಲಿ ಸಾಮಾನ್ಯವಾಗಿ 17 ಕೀ, ತೂತಿನ ಸುತ್ತ 6 ಉಂಗುರ ಇರುತ್ತವೆ. ನಮ್ಮ ಕಡೆಯ ಹಳೆಯ ಬ್ಯಾಂಡುಗಳಲ್ಲಿ ‘ಆಲ್ಬರ್ಟ್’ ಪದ್ಧತಿಯವು ಬಹಳ ಇದ್ದವು. ಅವುಗಳಲ್ಲಿ ಕೀಯೂ ಕಡಿಮೆ, ಉಂಗುರವೂ ಕಡಿಮೆ, ಬೆರಳಿನ ಕ್ರಮ ಬೇರೆ. ನಿನ್ನದನ್ನು ಎಣಿಸಿ ನೋಡು. ಆಲ್ಬರ್ಟ್ ಆಗಿದ್ದರೆ ಅದೇ ಪದ್ಧತಿಯ ಚಿತ್ರ ಹುಡುಕಿಕೋ. ಅದು ಕೀಳು ವಾದ್ಯ ಅಂತ ಯಾರಾದರೂ ಹೇಳಿದರೆ ನಂಬಬೇಡ. ಜಾರು, ಗಮಕ (ಸ್ವರ ಜಾರಿಸುವುದು, ಓಲಾಡಿಸುವುದು) ತರಲು ಅದೇ ಅನುಕೂಲ ಎಂದು ಕರ್ನಾಟಕ ಸಂಗೀತದ ಎಷ್ಟೋ ಕ್ಲಾರಿನೆಟ್ ವಾದಕರು ಅದನ್ನೇ ಇಟ್ಟುಕೊಂಡಿದ್ದಾರೆ.

ಎರಡನೆಯದು ಸೋರಿಕೆ. ಕಾರವಾರದ ಉಪ್ಪುಗಾಳಿಗೆ ಕೀಗಳ ಕೆಳಗಿನ ಸೂಜಿ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ. ಸ್ಪ್ರಿಂಗ್ ಸೋತರೆ ಕೀ ಪೂರ್ತಿ ಮುಚ್ಚುವುದಿಲ್ಲ. ಮಳೆಗಾಲದ ತೇವಕ್ಕೆ ಕೀ ಅಡಿಯಲ್ಲಿ ತೂತು ಮುಚ್ಚುವ ಪ್ಯಾಡ್ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಕ್ಲಾರಿನೆಟ್ ಬಿಚ್ಚಿ ಒಂದು ತುಂಡಿನ ತೂತುಗಳನ್ನೆಲ್ಲ ಬೆರಳಿನಿಂದ ಮುಚ್ಚು. ಕೆಳಬಾಯಿಯನ್ನು ಅಂಗೈಯಿಂದ ಮುಚ್ಚಿ ಮೇಲಿನಿಂದ ಗಾಳಿ ಎಳೆ. ಒಳಗೆ ಹಿಡಿದುಕೊಂಡ ಹಾಗೆ ಆದರೆ ಆ ತುಂಡು ಗಟ್ಟಿ. ‘ಸುಯ್’ ಅಂತ ಗಾಳಿ ಬರುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಎರಡೂ ತುಂಡುಗಳಿಗೆ ಹೀಗೆ ಮಾಡು. ಪ್ಯಾಡ್ ಹಾಕುವವರು ಹತ್ತಿರದಲ್ಲಿ ಸಿಗದಿದ್ದರೆ ಗೋವಾದ ಬ್ಯಾಂಡಿನವರಲ್ಲಿ ವಿಚಾರಿಸು. ಕಾಳಿ ಸೇತುವೆ ದಾಟಿ ಹೋಗಿಬರಲು ಒಂದು ದಿನ ಸಾಕು.

ಮೂರನೆಯದು ರೀಡ್, ಅಂದರೆ ಊದಿದಾಗ ಕಂಪಿಸಿ ಸದ್ದು ಹುಟ್ಟಿಸುವ ತೆಳು ಪಟ್ಟಿ. ಅಜ್ಜನ ಕಾಲದ ರೀಡ್ ಈಗಲೂ ಮೌತ್‌ಪೀಸಿನಲ್ಲೇ ಇದ್ದರೆ ತೆಗೆದು ಬಿಸಾಕು. ರೀಡ್ ಒಂದು ಜಾತಿಯ ದಂಟಿನಿಂದ ಮಾಡಿದ್ದು. ಫ್ರಾನ್ಸಿನ ದಕ್ಷಿಣದ ವಾರ್ ಪ್ರದೇಶದ ದಂಟಿಗೆ ಹೆಸರಿದೆ. ಅದರ ತುದಿ ಕಾಗದದಷ್ಟು ತೆಳು, ಕೆಲವು ವಾರ ಊದಿದರೆ ಸೋಲುತ್ತದೆ. ಹೊಸಬರಿಗೆ ಎರಡು ಅಥವಾ ಎರಡೂವರೆ ನಂಬರ್ ಸಾಕು. ಊದುವ ಮೊದಲು ಬಾಯಲ್ಲಿ ನೆನೆಸಬೇಕು. ಮೌತ್‌ಪೀಸಿನ ತುದಿಗೂ ರೀಡಿನ ತುದಿಗೂ ಸಮನಾಗಿ ಕೂರಿಸಬೇಕು. ಕೆಳಗಿನ ಹಲ್ಲಿನ ಮೇಲೆ ತುಟಿ ಮಡಚಿ ಇಡು, ಆದರೆ ಕಚ್ಚಬೇಡ. ಬೆರಳು ಪೂರ್ತಿ ಮುಚ್ಚದಿದ್ದರೆ, ಇಲ್ಲವೇ ಜಾಸ್ತಿ ಕಚ್ಚಿದರೆ ಕೀರಲು ಬರುತ್ತದೆ. ರೀಡನ್ನು ಗೆಳೆಯರ ಜೊತೆ ಹಂಚಿಕೊಳ್ಳಬಾರದು.

ಇನ್ನು ಕೀಬೋರ್ಡ್. ಇಲ್ಲಿ ವಾದ್ಯದ ತಪ್ಪೂ ಇಲ್ಲ, ನಿನ್ನದೂ ಇಲ್ಲ. ಬ್ಯಾಂಡಿನ ಕ್ಲಾರಿನೆಟ್ ಹೆಚ್ಚಾಗಿ ‘ಬಿ ಫ್ಲ್ಯಾಟ್’ ವಾದ್ಯ. ನೀನು ಪುಸ್ತಕದಲ್ಲಿ ಸಿ ಎಂದು ಬರೆದದ್ದನ್ನು ಊದಿದರೆ ಕೀಬೋರ್ಡಿನಲ್ಲಿ ಕಪ್ಪು ಐದರ ಸ್ವರ ಕೇಳುತ್ತದೆ. ಗೆಳೆಯ ಸಿ ಸ್ಕೇಲಿನಲ್ಲಿ ನುಡಿಸಿದರೆ ನೀನು ಡಿ ಸ್ಕೇಲಿನಲ್ಲಿ ಊದಬೇಕು, ಒಂದು ಪೂರ್ಣ ಸ್ವರ ಮೇಲೆ. ಆಲ್ಟೊ ಸ್ಯಾಕ್ಸೊಫೋನ್ ಆದರೆ ಸಿ ಊದಿದಾಗ ಕಪ್ಪು ಎರಡು ಬರುತ್ತದೆ. ಚರ್ಚಿನ ಹಾಡುಗಾರರ ಜೊತೆ ನುಡಿಸುವ ನನ್ನ ವಿದ್ಯಾರ್ಥಿಗಳಿಗೆ ಮೊದಲ ತಿಂಗಳೇ ಇದನ್ನು ಕಾಗದದಲ್ಲಿ ಬರೆಸುತ್ತೇನೆ. ಥಿಯರಿ ಯಾಕೆ ಬೇಕು ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಕ್ಲಾರಿನೆಟ್ಟಿನ ಒಂದು ಗುಣ ನನಗೆ ಬಹಳ ಇಷ್ಟ. ಕೊಳಲಿನಲ್ಲಿ, ಸ್ಯಾಕ್ಸೊಫೋನಿನಲ್ಲಿ ಅದೇ ಬೆರಳಿಗೆ ಮೇಲೆ ಹೋದರೆ ಮೇಲಿನ ಸಾ ಬರುತ್ತದೆ. ಕ್ಲಾರಿನೆಟ್ಟಿನಲ್ಲಿ ಹೆಬ್ಬೆರಳ ಹಿಂದಿನ ಕೀ ಒತ್ತಿದರೆ ಸಾ ಹೋಗಿ ಮೇಲಿನ ಸ್ಥಾಯಿಯ ಪ ಬರುತ್ತದೆ. ಕೊಳವೆ ಉದ್ದಕ್ಕೂ ಒಂದೇ ದಪ್ಪ, ಒಂದು ತುದಿ ರೀಡಿನಿಂದ ಮುಚ್ಚಿದ್ದು. ಅದಕ್ಕೇ ಹೀಗೆ. ಕೊಳಲಿನಿಂದ ಕ್ಲಾರಿನೆಟ್ಟಿಗೆ ಬಂದವರು ಇಲ್ಲೇ ಗಾಬರಿಯಾಗುವುದು. ಗಾಬರಿ ಬೇಡ, ಎರಡು ಸ್ಥಾಯಿಗೆ ಎರಡು ಬೆರಳಿನ ಲೆಕ್ಕ ಎಂದು ಇಟ್ಟುಕೋ. ಪಶ್ಚಿಮದ ವಾದ್ಯದಲ್ಲಿ ನಮ್ಮ ರಾಗ ಬರುತ್ತದಾ ಎಂದು ಯಾರಾದರೂ ಕೇಳಿದರೆ ನಮ್ಮ ಕರಾವಳಿಯವರೇ ಆದ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿಸು. ಅವರು 2019ರಲ್ಲಿ ತೀರಿಕೊಂಡರು, ಧ್ವನಿಮುದ್ರಿಕೆಗಳು ಬೇಕಾದಷ್ಟಿವೆ.

ಪ್ರಶ್ನೆ: ಮಗಳು ಕೊಳಲು ಕಲಿಯುತ್ತೇನೆ ಅನ್ನುತ್ತಾಳೆ. ನಮ್ಮತ್ತೆ ‘ಹೆಣ್ಣುಮಕ್ಕಳು ಊದಬಾರದು, ಹಾಡುವುದಾದರೆ ಹಾಡಲಿ’ ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಗಾಯಕರು, ಭಾಗವತರು ಸಾಕಷ್ಟು ಇದ್ದಾರೆ. ಕೊಳಲಿಗೆ ಅಂಥ ಹೆಸರಿಲ್ಲ ಅಲ್ವಾ?
— ಒಬ್ಬ ಗೃಹಿಣಿ, ಹೊನ್ನಾವರ

ಉತ್ತರ: ನೀವು ಹೊನ್ನಾವರದಲ್ಲಿ ಕೂತು ಈ ಪ್ರಶ್ನೆ ಕೇಳಿದ್ದೀರಿ ಅಂತ ನನಗೆ ಸಂಕಟವೂ ಆಯಿತು, ಬರೆಯಲು ಹುರುಪೂ ಬಂತು. ಹಿಂದೂಸ್ತಾನಿ ಸಂಗೀತದಲ್ಲಿ ಕೊಳಲನ್ನು ಕಛೇರಿ ವಾದ್ಯವಾಗಿ ನಿಲ್ಲಿಸಿದವರು ಪನ್ನಾಲಾಲ್ ಘೋಷ್ (1911–1960). ಅದುವರೆಗಿನ ಚಿಕ್ಕ ಕೊಳಲು ನಿಧಾನಕ್ಕೆ ರಾಗ ಬೆಳೆಸುವ ಖಯಾಲ್ ಶೈಲಿಗೆ ಸಾಲದು ಎಂದು ಸುಮಾರು 32 ಇಂಚಿನ ಉದ್ದದ ಕೊಳಲು ಮಾಡಿಸಿಕೊಂಡರು. ಏಳನೆಯ ತೂತು ಸೇರಿಸಿದರು. ಅವರ ಮುಖ್ಯ ಶಿಷ್ಯರಲ್ಲಿ ಇಬ್ಬರ ಹೆಸರು ಕೇಳಿ: ದೇವೇಂದ್ರ ಮುರ್ಡೇಶ್ವರ, ನಿರಂಜನ ಹಳದೀಪುರ. ಮುರ್ಡೇಶ್ವರ, ಹಳದೀಪುರ ಎರಡೂ ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ಊರುಗಳು! ದೇವೇಂದ್ರ ಮುರ್ಡೇಶ್ವರರು ಪನ್ನಾಲಾಲರ ಅಳಿಯನೂ ಹೌದು. ನಿರಂಜನರ ಮಗ ನಿತ್ಯಾನಂದ ಹಳದೀಪುರರು ಮೊದಲು ಅಪ್ಪನ ಹತ್ತಿರ, ಆಮೇಲೆ ದೇವೇಂದ್ರ ಮುರ್ಡೇಶ್ವರರ ಹತ್ತಿರ ಕಲಿತರು. ಮುಂದೆ ಅವರು ಶಿಷ್ಯರಾಗಿ ಹೋಗಿದ್ದು ಯಾರ ಬಳಿ ಗೊತ್ತಾ? ಅನ್ನಪೂರ್ಣಾ ದೇವಿಯವರ ಬಳಿ. ಸುರಬಹಾರ್ (ಸಿತಾರ್ ಜಾತಿಯ ದೊಡ್ಡ ತಂತಿವಾದ್ಯ) ನುಡಿಸುತ್ತಿದ್ದ ಒಬ್ಬ ಹೆಣ್ಣುಮಗಳು ಕೊಳಲಿನ ವಿದ್ವಾಂಸರಿಗೆ ರಾಗ ಹೇಳಿಕೊಟ್ಟರು.

ಊದುವ ಹೆಣ್ಣುಮಕ್ಕಳೇ ಬೇಕೆಂದರೆ ಕರ್ನಾಟಕ ಸಂಗೀತದಲ್ಲಿ ಸಿಕ್ಕಿಲ್ ಸೋದರಿಯರ ಉದಾಹರಣೆ ಇದೆ, ಕುಂಜುಮಣಿ ಮತ್ತು ನೀಲಾ. ದಶಕಗಳ ಕಾಲ ಜೋಡಿಯಾಗಿ ಕೊಳಲು ಕಛೇರಿ ಮಾಡಿದವರು. ನಿಮ್ಮತ್ತೆಯವರಿಗೆ ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅವರ ಧ್ವನಿಮುದ್ರಿಕೆ ಹಾಕಿ ಕೇಳಿಸಿ. ವಾದ ಮಾಡಬೇಡಿ. ಮಗಳನ್ನು ಮಾತ್ರ ತಡಮಾಡದೆ ಪಾಠಕ್ಕೆ ಕಳಿಸಿ. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ಪ್ರಶ್ನೆ: ಮೂರು ವರ್ಷದಿಂದ ಬಾನ್ಸುರಿ ಕಲಿಯುತ್ತಿದ್ದೇನೆ. ಥಾಟ್, ಮೇಳಕರ್ತ, ಪಾಶ್ಚಾತ್ಯ ಸ್ಕೇಲ್ ಎಲ್ಲ ಓದಿ ತಲೆ ಕೆಟ್ಟಿದೆ. ಥಿಯರಿ ಎಷ್ಟು ಬೇಕು? ಪರೀಕ್ಷೆ ಕಟ್ಟಬೇಕಾ?
— ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ಥಾಟ್, ಮೇಳಕರ್ತ ಎಂದರೆ ರಾಗಗಳನ್ನು ವಿಂಗಡಿಸುವ ಏಳು ಸ್ವರಗಳ ಸಾಲು, ಅಷ್ಟೇ. ಪುಸ್ತಕ ಮುಚ್ಚಿಟ್ಟು ಒಂದು ಹಾರ್ಮೋನಿಯಂ ಮುಂದೆ ಕೂರು. ನಮ್ಮೂರಲ್ಲಿ ಹಾರ್ಮೋನಿಯಂ ಇರುವ ಮನೆಗೆ ಬರವಿಲ್ಲ. ಇವತ್ತು ಕಪ್ಪು ಮನೆಗಳನ್ನು ಮುಟ್ಟಬೇಡ.

ಬಿಳಿ ಒಂದನ್ನು ಸಾ ಅಂದುಕೊಂಡು ಬಿಳಿ ಮನೆಗಳಲ್ಲೇ ಮೇಲಿನ ಸಾವರೆಗೆ ಹೋಗು. ಅದು ಬಿಲಾವಲ್ ಥಾಟ್. ಈಗ ಬಿಳಿ ಎರಡು ನಿನ್ನ ಸಾ. ಅಲ್ಲಿಂದ ಮೇಲಿನ ಬಿಳಿ ಎರಡರವರೆಗೆ ಹೋದರೆ ಗ, ನಿ ಕೋಮಲ (ಅರ್ಧ ಸ್ವರ ಇಳಿದದ್ದು) ಆದವು: ಕಾಫಿ. ಬಿಳಿ ಮೂರರಿಂದ ಹೊರಟರೆ ರಿ, ಗ, ಧ, ನಿ ನಾಲ್ಕೂ ಕೋಮಲ: ಭೈರವಿ. ನಾಲ್ಕರಿಂದ ಹೊರಟರೆ ಮಧ್ಯಮ (ಮ) ತೀವ್ರವಾಗಿ, ಅಂದರೆ ಅರ್ಧ ಸ್ವರ ಏರಿ, ಕಲ್ಯಾಣ್. ಐದರಿಂದ ನಿಷಾದ (ನಿ) ಒಂದೇ ಕೋಮಲ, ಅದು ಖಮಾಜ್. ಆರರಿಂದ ಆಸಾವರಿ. ಏಳರಿಂದ ಹೊರಟು ನೋಡು, ಪಂಚಮವೇ (ಪ) ಸಿಗುವುದಿಲ್ಲ, ಹಾಗಾಗಿ ಅಲ್ಲಿ ಥಾಟ್ ಇಲ್ಲ. ಹಿಂದೂಸ್ತಾನಿ ರಾಗಗಳನ್ನು ಥಾಟುಗಳಲ್ಲಿ ವಿಂಗಡಿಸಿದ ಭಾತಖಂಡೆಯವರ (1860–1936) ಹತ್ತು ಥಾಟುಗಳಲ್ಲಿ ಆರು ಒಂದೇ ಸಾಲಿನ ಬಿಳಿ ಮನೆಗಳಲ್ಲಿ ಸಿಕ್ಕವು. ಉಳಿದದ್ದು ಭೈರವ್, ಪೂರ್ವಿ, ಮಾರ್ವಾ, ತೋಡಿ ಮಾತ್ರ.

ಇದೇ ಆರಕ್ಕೆ ಕರ್ನಾಟಕ ಪದ್ಧತಿಯಲ್ಲಿ ಕ್ರಮವಾಗಿ ಶಂಕರಾಭರಣ, ಖರಹರಪ್ರಿಯ, ಹನುಮತೋಡಿ, ಕಲ್ಯಾಣಿ, ಹರಿಕಾಂಭೋಜಿ, ನಠಭೈರವಿ ಎನ್ನುತ್ತಾರೆ. ಅಲ್ಲಿ 72 ಮೇಳಗಳಿವೆ, ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯ ನಿನಗಿಲ್ಲ. ಹಿಂದೂಸ್ತಾನಿ ತೋಡಿ, ಭೈರವಿಗಳನ್ನು ಅಲ್ಲಿನ ತೋಡಿ, ಭೈರವಿ ಎಂದುಕೊಳ್ಳಬೇಡ, ಅಷ್ಟೇ. ಬಿಳಿ ಒಂದರದ್ದು ಪಾಶ್ಚಾತ್ಯರ ಮೇಜರ್ ಸ್ಕೇಲ್, ಬಿಳಿ ಆರರದ್ದು ನ್ಯಾಚುರಲ್ ಮೈನರ್. ನೋಡು, ಮೂರು ಪದ್ಧತಿ ಒಂದೇ ಪೆಟ್ಟಿಗೆಯಲ್ಲಿ ಕಂಡವು.

ಇಷ್ಟನ್ನು ಬೆರಳಿನಿಂದ ಮುಟ್ಟಿ, ಗಂಟಲಿನಿಂದ ಹಾಡಿ, ಆಮೇಲೆ ಕೊಳಲಿಗೆ ತಾ. ಕಿವಿಗೆ ಬಂದ ಮೇಲೆ ಹೆಸರು ಹೇಳಿದರೆ ಥಿಯರಿ ನಿಲ್ಲುತ್ತದೆ. ಹೆಸರು ಮೊದಲು ಬಂದರೆ ಪರೀಕ್ಷೆಯ ಮರುದಿನ ಹೋಗುತ್ತದೆ. ಆದರೆ ಥಾಟ್ ಗೊತ್ತಾಯಿತು ಅಂದರೆ ರಾಗ ಗೊತ್ತಾಯಿತು ಅಂತಲ್ಲ. ಭೂಪ್, ಯಮನ್ ಎರಡೂ ಕಲ್ಯಾಣ್ ಥಾಟಿನವೇ. ಭೂಪದಲ್ಲಿ ಮಧ್ಯಮ, ನಿಷಾದ ಇಲ್ಲವೇ ಇಲ್ಲ. ರಾಗದ ನಡೆ ಗುರುವಿನ ಎದುರು ಕೂತೇ ಬರಬೇಕು.

ಪರೀಕ್ಷೆ ಕಟ್ಟುವುದಾದರೆ ಕಟ್ಟು, ಶಿಸ್ತು ಬರುತ್ತದೆ. ಗಾಂಧರ್ವ ಮಹಾವಿದ್ಯಾಲಯದ್ದು ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗೆ ಹೋಗುತ್ತದೆ. ಪಾಶ್ಚಾತ್ಯ ವಾದ್ಯದವರು ಬ್ರಿಟನ್ನಿನ ಪರೀಕ್ಷಾ ಸಂಸ್ಥೆಗಳಾದ ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿಯ ಒಂದರಿಂದ ಎಂಟರವರೆಗಿನ ಗ್ರೇಡ್ ತಗೊಳ್ಳುತ್ತಾರೆ. ಎಬಿಆರ್‌ಎಸ್‌ಎಂನಲ್ಲಿ ವಾದನದ ಆರನೇ ಗ್ರೇಡಿಗೆ ಕೂರಲು ಸಾಮಾನ್ಯವಾಗಿ ಐದನೇ ಗ್ರೇಡ್ ಥಿಯರಿ ಪಾಸಾಗಿರಬೇಕು. ಕಾರವಾರದ ಓದುಗರು ಇದನ್ನು ಮೊದಲೇ ಗಮನಿಸಿ. ಪರೀಕ್ಷೆಗೆಂದು ವರ್ಷವಿಡೀ ನಾಲ್ಕೇ ರಾಗ ಉರುಹೊಡೆಸುವ ಪಾಠ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಬೆಳಿಗ್ಗೆ ಆರಕ್ಕೆ ಊದಿದರೆ ಕೊಳಲು ತಂಬೂರಿ ಆ್ಯಪ್‌ಗೆ ಸೇರುವುದಿಲ್ಲ, ಇಳಿದ ಹಾಗೆ ಕೇಳುತ್ತದೆ. ಮಧ್ಯಾಹ್ನ ಅದೇ ಕೊಳಲು ಸರಿ ಇರುತ್ತದೆ. ಯಾಕೆ?
— ಒಬ್ಬ ಓದುಗರು, ಶಿರಸಿ

ಉತ್ತರ: ನಿಮ್ಮ ಕಿವಿ ಸರಿಯಾಗಿದೆ. ಗಾಳಿ ಬೆಚ್ಚಗಾದಷ್ಟೂ ಅದರಲ್ಲಿ ಶಬ್ದ ವೇಗವಾಗಿ ಹೋಗುತ್ತದೆ. 15 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349. ಕೊಳಲಿನ ಉದ್ದ ಬದಲಾಗುವುದಿಲ್ಲ, ಹಾಗಾಗಿ ಸ್ವರ ಏರುತ್ತದೆ. ಡಿಸೆಂಬರಿನ ಚಳಿಯಲ್ಲಿ ಕೊಳಲು ತಗೊಂಡ ತಕ್ಷಣ ಊದಿದರೆ ಇಳಿದೇ ಕೇಳುತ್ತದೆ. ಎಲ್ಲ ತೂತು ಮುಚ್ಚಿ ಸದ್ದಿಲ್ಲದೆ ಬಿಸಿ ಉಸಿರು ಬಿಡಿ, ಶಾಲಿನೊಳಗೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಆಮೇಲೂ ಕೊಂಚ ಕಡಿಮೆ ಇದ್ದರೆ ಆ್ಯಪ್‌ನ ಶ್ರುತಿಯನ್ನೇ ಇಳಿಸಿ. ತುಟಿ ಬಿಗಿ ಮಾಡಿ ಏರಿಸಲು ಹೋಗಬೇಡಿ, ನಾದ ಕೆಡುತ್ತದೆ.

ಪ್ರಶ್ನೆ: ನಮ್ಮೂರಿಗೆ ಮೇಷ್ಟ್ರು ಸಿಗುವುದಿಲ್ಲ. ಆನ್‌ಲೈನ್ ಪಾಠ ಸಾಕಾ? ಗುಂಪಿನ ಕ್ಲಾಸಿಗೆ ಫೀ ಕಡಿಮೆ, ಒಬ್ಬರಿಗೇ ಪಾಠ ಅಂದರೆ ಜಾಸ್ತಿ. ಏನು ಮಾಡಲಿ?
— ಸಿದ್ದಾಪುರದ ಹತ್ತಿರದ ಹಳ್ಳಿಯಿಂದ

ಉತ್ತರ: ಮೊದಲ ಮೂರು ನಾಲ್ಕು ತಿಂಗಳು ಹೇಗಾದರೂ ಮಾಡಿ ಎದುರು ಕೂತು, ಒಬ್ಬರೇ ಕಲಿಯಿರಿ. ತಿಂಗಳಿಗೆ ಎರಡೇ ಸಲ ಆದರೂ ಪರವಾಗಿಲ್ಲ. ಹತ್ತು ಜನ ಒಟ್ಟಿಗೆ ಊದುವಾಗ ಯಾರ ಉಂಗುರದ ಬೆರಳು ಸೋರುತ್ತಿದೆ ಅಂತ ಕಲಿಸುವವರಿಗೆ ಗೊತ್ತಾಗುವುದಿಲ್ಲ. ಹೆಗಲು ಎತ್ತಿ ಉಸಿರು ತಗೊಳ್ಳುವುದು, ಕತ್ತು ಓರೆ ಮಾಡುವುದು ಇವೆಲ್ಲ ಆ ತಿಂಗಳುಗಳಲ್ಲೇ ಅಂಟಿಕೊಳ್ಳುತ್ತವೆ. ತುಟಿ, ಬೆರಳು ಒಂದು ಹದಕ್ಕೆ ಬಂದ ಮೇಲೆ ಆನ್‌ಲೈನ್ ನಡೆಯುತ್ತದೆ. ತಾಳದ ಅಭ್ಯಾಸಕ್ಕೆ ಗುಂಪಿನ ಕ್ಲಾಸೇ ಒಳ್ಳೆಯದು.

ಆನ್‌ಲೈನಿನಲ್ಲಿ ಒಂದು ತೊಂದರೆ ಹಲವರಿಗೆ ಗೊತ್ತಿಲ್ಲ. ವಿಡಿಯೊ ಕರೆಯ ಆ್ಯಪ್‌ಗಳು ಮಾತನ್ನು ಮಾತ್ರ ಉಳಿಸಿ ಬೇರೆ ಸದ್ದು ಕತ್ತರಿಸುವಂತೆ ಮಾಡಿದವು. ನೀವು ಸಾ ಹಿಡಿದು ನಿಂತರೆ ಅದನ್ನು ಫ್ಯಾನಿನ ಸದ್ದು ಎಂದುಕೊಂಡು ಅಳಿಸುತ್ತವೆ! ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಇಬ್ಬರೂ ಒಟ್ಟಿಗೆ ನುಡಿಸುವುದು ಆಗುವುದಿಲ್ಲ, ಸದ್ದು ತಡವಾಗಿ ತಲುಪುತ್ತದೆ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋದಾಗ ನಾನು ನಮ್ಮ ಹುಡುಗರಿಂದ ಅಭ್ಯಾಸ ರೆಕಾರ್ಡ್ ಮಾಡಿಸಿ ವಾಟ್ಸ್ಆ್ಯಪ್‌ಗೆ ತರಿಸಿಕೊಳ್ಳುತ್ತೇನೆ. ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋದಾಗ ಕಳಿಸುತ್ತಾರೆ. ಆ ಪಾಠ ಕೆಲವು ಸಲ ನೇರ ಕರೆಗಿಂತ ಚೆನ್ನಾಗಿರುತ್ತದೆ, ಯಾಕೆಂದರೆ ಕಳಿಸುವ ಮೊದಲು ಅವರೇ ಕೇಳಿ ತಿದ್ದಿಕೊಂಡಿರುತ್ತಾರೆ.

ಪ್ರಶ್ನೆ: ರಾತ್ರಿ ಕೊಳಲು ಊದಿದರೆ ಹಾವು ಬರ್ತದಾ ಟೀಚರ್? ಅಜ್ಜಿ ಬೈತಾರೆ.
— ಆರನೇ ಕ್ಲಾಸ್, ಅಂಕೋಲಾ

ಉತ್ತರ: ಇಲ್ಲ ಪುಟ್ಟಿ. ಹಾವಿಗೆ ನಮ್ಮ ಹಾಗೆ ಹೊರಗೆ ಕಿವಿ ಇಲ್ಲ. ನೆಲದ ನಡುಕ, ತಗ್ಗಿನ ಸದ್ದು ಅದಕ್ಕೆ ತಿಳಿಯುತ್ತದೆ, ನಿನ್ನ ಕೊಳಲಿನ ಎತ್ತರದ ಸ್ವರ ಸರಿಯಾಗಿ ಕೇಳುವುದಿಲ್ಲ. ಹಾವಾಡಿಗರ ಮುಂದೆ ಅದು ತಲೆ ಆಡಿಸುವುದು ಪುಂಗಿ ಅಲುಗಾಡುವುದನ್ನು ನೋಡಿ. ಆದರೆ ಅಜ್ಜಿಗೆ ಎದುರು ಮಾತಾಡಬೇಡ. ಶಾಲೆಯಿಂದ ಬಂದು ಕೈಕಾಲು ತೊಳೆದು, ಕತ್ತಲಾಗುವ ಮೊದಲೇ ಅಭ್ಯಾಸ ಮುಗಿಸು.

ಪ್ರಶ್ನೆ: ಮಳೆಗಾಲದಲ್ಲಿ ಕೊಳಲಿಗೆ ಬೂಷ್ಟು ಹಿಡಿಯಿತು. ಬಚ್ಚಲೊಲೆ ಹತ್ತಿರ ಇಟ್ಟು ಒಣಗಿಸಿದೆವು, ಸೀಳು ಬಿಟ್ಟಿತು. ಸರಿ ಮಾಡಬಹುದಾ?
— ಒಬ್ಬ ಓದುಗರು, ಶಿರಸಿ ತಾಲೂಕು

ಉತ್ತರ: ಬಿದಿರಿಗೆ ಬೆಂಕಿಯ ಶಾಖ ಆಗದು. ಹೊರಮೈ ಬೇಗ ಒಣಗಿ ಒಳಮೈ ತೇವವಾಗಿಯೇ ಉಳಿದರೆ ಸೀಳುತ್ತದೆ. ಊದಿದ ಮೇಲೆ ಕೋಲಿಗೆ ಹತ್ತಿ ಬಟ್ಟೆ ಸುತ್ತಿ ಒಳಗೆ ಒರೆಸಿ, ನೆರಳಿನಲ್ಲಿ ಗಾಳಿಗೆ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಬಟ್ಟೆ ಚೀಲ ಹೊಲಿಸಿಕೊಳ್ಳಿ. ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ, ಸಾಸಿವೆ ಎಣ್ಣೆ ಒಂದೆರಡು ಹನಿ ತೆಳ್ಳಗೆ ಸವರಿ. ಬೇಸಿಗೆಯಲ್ಲೂ ಆಗಾಗ ಹೀಗೆ ಎಣ್ಣೆ ಕಾಣಿಸಿ.

ಸೀಳು ಕೂದಲಿನಷ್ಟು ಸಣ್ಣದಿದ್ದರೆ ಅಂಟು ಇಳಿಸಿ, ಮೇಲೆ ನೈಲಾನ್ ದಾರವನ್ನು ಒತ್ತೊತ್ತಾಗಿ ಬಿಗಿಯಾಗಿ ಸುತ್ತಿ. ಹೊಸ ಕೊಳಲಿನ ಎರಡೂ ತುದಿಗೆ ಬಣ್ಣದ ದಾರ ಕಟ್ಟುವುದು ಇದಕ್ಕೇ. ಬೆರಳಿನ ತೂತುಗಳ ನಡುವೆ ಸೀಳಿದ್ದರೂ ಕೆಲವು ಸಲ ಉಳಿಯುತ್ತದೆ, ದಾರ ಬೆರಳಿಗೆ ಅಡ್ಡ ಬರದ ಹಾಗೆ ನೋಡಿಕೊಳ್ಳಬೇಕು. ಊದುವ ತೂತಿನ ಅಂಚಿಗೇ ಸೀಳು ಬಂದಿದ್ದರೆ ಅಂಟಿಗೆ ದುಡ್ಡು ಹಾಕಬೇಡಿ, ಹೊಸ ಕೊಳಲು ತಗೊಳ್ಳಿ.